ಮೂರಾಣೆ, ಏಳೂವರೆ ಆಣೆ, ಹದಿನೈದಾಣೆ: 1963ರ ಲೋಕಸಭೆಯಲ್ಲಿ ಲೋಹಿಯಾ ಇಟ್ಟ ಲೆಕ್ಕ

(ಓದುಗರ ಬಳಗವೊಂದರಲ್ಲಿ ಆಡಿದ ಮಾತನ್ನು ಆಮೇಲೆ ಕೂತು ಬರೆದದ್ದು. ಆವತ್ತು ಬೋರ್ಡಿನ ಮೇಲೆ ಬರೆದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲೇ ಬಿಡಿಸಿದ್ದೇನೆ. ಕೊನೆಯ ಪ್ರಶ್ನೋತ್ತರವನ್ನೂ ಸೇರಿಸಿದ್ದೇನೆ, ಯಾಕೆಂದರೆ ಅದು ನನ್ನ ಮಾತಿಗಿಂತ ಚೆನ್ನಾಗಿತ್ತು.)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಎರಡು ನಾಣ್ಯಗಳನ್ನು ಮುಂದಿನ ಸಾಲಿನವರ ಕೈಗೆ ಕೊಡುತ್ತೇನೆ. ನೋಡಿ, ಹಿಂದಕ್ಕೆ ದಾಟಿಸಿ. ಒಂದು ಚೌಕ, ಮೂಲೆಗಳು ಗುಂಡಗಿವೆ. ಅದು ಎರಡಾಣೆ. ಇನ್ನೊಂದರ ಅಂಚು ಹೂವಿನ ಎಸಳಿನ ಹಾಗೆ ಅಲೆ ಅಲೆಯಾಗಿದೆ. ಅದು ಒಂದಾಣೆ. ಎರಡರ ಮೇಲೂ ಗೂಳಿಯ ಚಿತ್ರ ಇದೆ. ಎರಡೂ ಸೇರಿದರೆ ಮೂರಾಣೆ. ಈ ಮೂರಾಣೆಯೇ ಇವತ್ತಿನ ನನ್ನ ವಿಷಯ.

ಆಣೆ ಹೋಗಿ ಎಷ್ಟು ಕಾಲ ಆಯಿತು! 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂತು. ಆದರೂ ನಾವಿನ್ನೂ 'ಹದಿನಾರಾಣೆ ಸತ್ಯ' ಅಂತೀವಿ. ರೂಪಾಯಿಗೆ ಹದಿನಾರು ಆಣೆ ಅನ್ನುವುದು ಗೊತ್ತಿಲ್ಲದ ಹುಡುಗರೂ ಅಂತಾರೆ. 1963ರಲ್ಲಿ ಲೋಕಸಭೆಯಲ್ಲಿ ಈ ದೇಶದ ಬಡತನದ ಬಗ್ಗೆ ಒಂದು ದೊಡ್ಡ ಜಗಳ ನಡೆಯಿತು. ಆಣೆ ಚಲಾವಣೆಯಿಂದ ಹೊರಟು ಆಗಲೇ ಆರು ವರ್ಷ ಆಗಿತ್ತು. ಆದರೂ ಜಗಳ ನಡೆದದ್ದು ಆಣೆಯಲ್ಲೇ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವತ್ತು 'ಹತ್ತೊಂಬತ್ತು ನಯಾ ಪೈಸೆ' ಅಂದಿದ್ದರೆ ಇಷ್ಟು ವರ್ಷ ಆದಮೇಲೆ ನಾವು ಇಲ್ಲಿ ಕೂತು ಅದನ್ನು ಮಾತಾಡುತ್ತಿದ್ದೆವಾ? ನನಗೆ ಅನುಮಾನ. ಹಳ್ಳಿಯ ಹೆಂಗಸು ಸಂತೆಯಲ್ಲಿ ಬಾಯಿಲೆಕ್ಕ ಹಾಕುವುದು ಆಣೆಯಲ್ಲಿ. ಅದಕ್ಕೇ ಅವರೂ ಆಣೆಯಲ್ಲಿ ಮಾತಾಡಿದರು.

ನಾನು ರಾಜಕೀಯ ಪಂಡಿತನಲ್ಲ. ಬ್ಯಾಂಕಿನಲ್ಲಿ ಲೆಕ್ಕ ನೋಡಿಕೊಂಡು ನಿವೃತ್ತನಾದವನು. ಹಾಗಾಗಿ ಲೋಹಿಯಾ ದೊಡ್ಡ ಮನುಷ್ಯರೋ, ನೆಹರೂ ದೊಡ್ಡ ಮನುಷ್ಯರೋ ಅನ್ನುವ ಚರ್ಚೆಗೆ ನಾನು ಹೋಗುವುದಿಲ್ಲ. ಅದಕ್ಕೆ ಬೇರೆ ಜನ ಇದ್ದಾರೆ, ಬೇಕಾದಷ್ಟಿದ್ದಾರೆ. ಕೈ ಬಿಗಿಯಾದ ಕಾಲದಲ್ಲಿ ಒಬ್ಬ ಸಂಸದ ಸದನದಲ್ಲಿ ಎದ್ದು ನಿಂತು ಏನು ಮಾಡಬಹುದು? ಅವರ ಹಿಂದೆ ಸಂಖ್ಯಾಬಲ ಇಲ್ಲ. ಮತಕ್ಕೆ ಹಾಕಿದರೆ ಸೋಲು ಗ್ಯಾರಂಟಿ. ಆಗ ಮಾತಿಗೆ ಏನು ಬೆಲೆ? ಇದಷ್ಟೇ ನನ್ನ ಕುತೂಹಲ.

ಮೊದಲು ಆ ಕಾಲ ಹೇಗಿತ್ತು ನೋಡೋಣ. 1962ರ ಅಕ್ಟೋಬರ್, ನವೆಂಬರ್‌ನಲ್ಲಿ ಚೀನಾದ ಜೊತೆ ಯುದ್ಧ ಆಯಿತು, ಸೋತೆವು. ಮುಂದಿನ ಬಜೆಟ್ಟಿನಲ್ಲಿ ರಕ್ಷಣೆಗೆ 867 ಕೋಟಿ ರೂಪಾಯಿ ಇಟ್ಟರು. ಆ ಹಣ ಎಲ್ಲಿಂದ ಬರಬೇಕು? ಜನರಿಂದಲೇ. ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿ ಕಂಪನಿಗಳ ಮೇಲೆ ಹೊಸ ಲಾಭ ತೆರಿಗೆ ಹಾಕಿದರು. ಕಡ್ಡಾಯ ಠೇವಣಿ ಯೋಜನೆ ತಂದರು. ಸಂಬಳದವರಿಂದ ಹಿಡಿದು ಭೂಕಂದಾಯ ಕಟ್ಟುವ ರೈತನ ತನಕ ಎಲ್ಲರೂ ಸರ್ಕಾರದಲ್ಲಿ ಇಷ್ಟು ದುಡ್ಡು ಇಡಲೇಬೇಕು ಅಂತ. 1963ರ ಜನವರಿಯಲ್ಲಿ ಚಿನ್ನದ ನಿಯಂತ್ರಣ ಬಂತು. 14 ಕ್ಯಾರೆಟ್‌ಗಿಂತ ಶುದ್ಧವಾದ ಚಿನ್ನದಲ್ಲಿ ಹೊಸ ಒಡವೆ ಮಾಡುವ ಹಾಗಿಲ್ಲ. ಅಕ್ಕಸಾಲಿಗಳು ಕೆಲಸ ಇಲ್ಲದೆ ಕೂತರು. ಅವರ ಕುಲುಮೆ ಆರಿದ್ದು ಯುದ್ಧದಿಂದಲ್ಲ, ಒಂದು ಆದೇಶದಿಂದ.

ಇನ್ನು ಮೂರನೇ ಪಂಚವಾರ್ಷಿಕ ಯೋಜನೆ. ವರ್ಷಕ್ಕೆ ಶೇ 5ಕ್ಕೂ ಜಾಸ್ತಿ ಬೆಳವಣಿಗೆ ಅದರ ಗುರಿ. ಐದು ವರ್ಷ ಮುಗಿದು ಲೆಕ್ಕ ತೆಗೆದಾಗ ಕೈಗೆ ಬಂದದ್ದು ಅದರ ಅರ್ಧ. ಹೆಚ್ಚಿದ ಆದಾಯವನ್ನು ಹೆಚ್ಚಿದ ಜನಸಂಖ್ಯೆಯೇ ತಿಂದುಹಾಕುತ್ತಿತ್ತು. ಅಮೆರಿಕದಿಂದ ಪಿಎಲ್ 480 ಅನ್ನುವ ಆಹಾರ ನೆರವಿನ ಕಾನೂನಿನಡಿ ಗೋಧಿ ಹಡಗಿನಲ್ಲಿ ಬರುತ್ತಿತ್ತು. ಇಲ್ಲಿ ಕಾಳುಕಡ್ಡಿ, ಸಕ್ಕರೆ ಬೆಲೆ ಏರುತ್ತಿತ್ತು. ಪೇಪರಿನಲ್ಲಿ ಮಾತ್ರ ಅಣೆಕಟ್ಟು, ಉಕ್ಕಿನ ಕಾರ್ಖಾನೆಯ ಫೋಟೋ. ಅವನ್ನು ಸುಮ್ನೆ ಹೀಯಾಳಿಸುವುದು ಬೇಡ. ಅವೂ ನಿಜವೇ. ಆದರೆ ಊಟದ ತಟ್ಟೆಯೂ ಅಷ್ಟೇ ನಿಜ ಅಲ್ವಾ?

ಈ ಹೊತ್ತಿಗೆ ಲೋಹಿಯಾ ಸಂಸತ್ತಿಗೆ ಬಂದರು. ಅವರಿಗೆ ಆಗ 53 ವರ್ಷ. ಸ್ವಾತಂತ್ರ್ಯ ಬಂದು 16 ವರ್ಷ ಆಗಿತ್ತು. ಅಲ್ಲಿಯ ತನಕ ಅವರು ಲೋಕಸಭೆಯ ಒಳಗೆ ಸದಸ್ಯರಾಗಿ ಕಾಲಿಟ್ಟಿರಲಿಲ್ಲ ಅಂದರೆ ನಂಬುವುದು ಕಷ್ಟ. 1962ರಲ್ಲಿ ಫೂಲ್ಪುರದಲ್ಲಿ ನೆಹರೂ ಎದುರೇ ನಿಂತು ಸೋತಿದ್ದರು. 1963ರ ಮೇ ತಿಂಗಳ ಉಪಚುನಾವಣೆಗಳು ಬಂದವು. ಕಾಂಗ್ರೆಸ್ಸಿಗೆ ಆಗ ಭಾರೀ ಹೊಡೆತ ಬಿತ್ತು. ಅಮ್ರೋಹಾದಿಂದ ಹಳೆಯ ಗಾಂಧಿವಾದಿ ಆಚಾರ್ಯ ಕೃಪಲಾನಿ ಗೆದ್ದರು, ರಾಜಕೋಟದಿಂದ ಸ್ವತಂತ್ರ ಪಕ್ಷದ ಮಿನೂ ಮಸಾನಿ ಗೆದ್ದರು, ಫರೂಕಾಬಾದಿನಿಂದ ಲೋಹಿಯಾ ಗೆದ್ದರು. ಆದರೂ ಸದನದಲ್ಲಿ ಕಾಂಗ್ರೆಸ್ ಕಡೆ 360ರ ಆಸುಪಾಸು ಜನ. ಲೋಹಿಯಾ ಅವರ ಸಮಾಜವಾದಿಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಅವರಲ್ಲಿ ಕಿಶನ್ ಪಟ್ನಾಯಕ್ ಎಂಬ ಒರಿಸ್ಸಾದ ಹುಡುಗ ಒಬ್ಬರು. ಸಂಬಲ್ಪುರದಿಂದ ಗೆದ್ದು ಬಂದವರು.

ಲೋಹಿಯಾ ಅಂದರೆ ಬೀದಿ ಹೋರಾಟಗಾರ ಎಂಬ ಚಿತ್ರ ನಮ್ಮ ತಲೆಯಲ್ಲಿ ಕೂತಿದೆ. ಅವರು ಬರ್ಲಿನ್ನಿನಲ್ಲಿ ಅರ್ಥಶಾಸ್ತ್ರ ಓದಿ ಡಾಕ್ಟರೇಟ್ ಪಡೆದವರು ಅನ್ನುವುದನ್ನು ಮರೆಯುತ್ತೇವೆ. ಪ್ರಬಂಧದ ವಿಷಯ ಏನು ಗೊತ್ತಾ? ಭಾರತದಲ್ಲಿ ಉಪ್ಪಿನ ತೆರಿಗೆ. ಉಪ್ಪಿನ ತೆರಿಗೆ ಬಡವನ ಮೇಲೇ ಹೆಚ್ಚು ಬೀಳುವ ತೆರಿಗೆ, ಯಾಕೆಂದರೆ ಸಾಹುಕಾರ ಬಡವನಿಗಿಂತ ಹತ್ತು ಪಟ್ಟು ಉಪ್ಪು ತಿನ್ನಲಾರ. ಇಪ್ಪತ್ತರ ಹರೆಯದಲ್ಲಿ ಹಿಡಿದ ಈ ಎಳೆಯನ್ನು ಅವರು ಕೊನೆಯ ತನಕ ಬಿಡಲಿಲ್ಲ.

1963ರ ಆಗಸ್ಟ್‌ನಲ್ಲಿ ಕೃಪಲಾನಿ ಸರ್ಕಾರದ ಮೇಲೆ ಅವಿಶ್ವಾಸ ನಿರ್ಣಯ ತಂದರು. ಲೋಕಸಭೆಯಲ್ಲಿ ಚರ್ಚೆಗೆ ಬಂದ ಮೊಟ್ಟಮೊದಲ ಅವಿಶ್ವಾಸ ನಿರ್ಣಯ ಅದು. ಸರ್ಕಾರ ಬೀಳುವುದಿಲ್ಲ ಅಂತ ತಂದವರಿಗೂ ಗೊತ್ತಿತ್ತು. ನಾಲ್ಕು ದಿನ, ಆಗಸ್ಟ್ 19ರಿಂದ 22ರ ತನಕ ಚರ್ಚೆ ನಡೆಯಿತು. ಕೊನೆಗೆ ಮತಕ್ಕೆ ಹಾಕಿದಾಗ ಪರವಾಗಿ 62, ವಿರೋಧವಾಗಿ 347. ಸಂಖ್ಯೆಯನ್ನಷ್ಟೇ ನೋಡಿದರೆ ನಾಲ್ಕು ದಿನ ದಂಡ ಅನ್ನಬೇಕು. ನೆಹರೂ ಮಾತ್ರ ಹಾಗೆ ಅನ್ನಲಿಲ್ಲ. ಇಂಥ ಪರೀಕ್ಷೆ ಆಗಾಗ ನಡೆಯುವುದು ಒಳ್ಳೆಯದೇ ಎಂಬರ್ಥದ ಮಾತಾಡಿದರು. ಆ ದೊಡ್ಡತನ ಅವರಲ್ಲಿತ್ತು, ಒಪ್ಪಿಕೊಳ್ಳಬೇಕು.

ಮಾತಾಡಿದವರಲ್ಲಿ ಜಾಸ್ತಿ ಜನ ಚೀನಾ, ಗಡಿ, ರಕ್ಷಣೆ, ತೆರಿಗೆ, ಭ್ರಷ್ಟಾಚಾರ ಅಂತ ಮಾತಾಡಿದರು. ಸಹಜವೇ, ಗಾಯ ಇನ್ನೂ ಹಸಿಯಾಗಿತ್ತು. ಲೋಹಿಯಾ 21ನೇ ತಾರೀಕು ಎದ್ದರು. ಹಿಂದಿಯಲ್ಲಿ ಮಾತಾಡಿದರು. ಅವರ ಮಾತಿನ ತಿರುಳು ಇಷ್ಟು: ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ.

1961ರ ಜನಗಣತಿಯ ಪ್ರಕಾರ ನಮ್ಮ ಸಂಖ್ಯೆ ಸುಮಾರು 44 ಕೋಟಿ. ಅಂದರೆ 27 ಕೋಟಿ ಎಂದರೆ ನೂರಕ್ಕೆ ಅರವತ್ತು ಜನ. ಯಾವುದೋ ಮೂಲೆಯ ಬರಪೀಡಿತ ಹಳ್ಳಿಯ ಮಾತಲ್ಲ ಇದು. ಅರ್ಧಕ್ಕಿಂತ ಜಾಸ್ತಿ ದೇಶದ ಮಾತು.

ಜೊತೆಗೆ ಇನ್ನೆರಡು ಸಂಖ್ಯೆಗಳನ್ನೂ ಇಟ್ಟರು. ಪ್ರಧಾನಿಗಾಗಿ ದಿನಕ್ಕೆ 25,000 ರೂಪಾಯಿ ಖರ್ಚಾಗುತ್ತಿದೆ ಅಂದರು. ಪ್ರಧಾನಿಯ ನಾಯಿಗೆ ದಿನಕ್ಕೆ 3 ರೂಪಾಯಿ ಅಂದರು. ನಾಯಿಗೆ ಮೂರು ರೂಪಾಯಿ, ಮನುಷ್ಯನಿಗೆ ಮೂರಾಣೆ. ಸದನದಲ್ಲಿ ಗದ್ದಲ ಆಗದೆ ಇರುತ್ತದಾ?

ಇಲ್ಲಿ ನನ್ನದೊಂದು ತಕರಾರಿದೆ. ಆ 25,000 ರೂಪಾಯಿಯ ಲೆಕ್ಕ ನನಗೆ ಸರಿ ಕಾಣುವುದಿಲ್ಲ. ಕಾವಲು, ಕಚೇರಿ, ಓಡಾಟ ಎಲ್ಲವನ್ನೂ ಒಬ್ಬ ಮನುಷ್ಯನ ತಲೆಗೆ ಕಟ್ಟಿ, ಅದನ್ನು ಒಬ್ಬ ಕೂಲಿಯ ಊಟದ ಖರ್ಚಿನ ಪಕ್ಕ ಇಡುವುದು ನ್ಯಾಯದ ಹೋಲಿಕೆ ಅಲ್ಲ. ನಾನು ಕೂತಿದ್ದ ಬ್ಯಾಂಕಿನಲ್ಲಿ ಯಾರಾದರೂ ಹೀಗೆ ಲೆಕ್ಕ ಬರೆದಿದ್ದರೆ ಆಡಿಟ್‌ನವರು ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತಿದ್ದರು. ನಾಯಿಯ ಮಾತಂತೂ ಶುದ್ಧ ನಾಟಕ. ಆದರೆ ಸದನ ಸ್ವಲ್ಪ ನಾಟಕವೂ ಹೌದು. ನಾಯಿಯ ಮಾತು ಬಾರದೇ ಹೋಗಿದ್ದರೆ ಮರುದಿನದ ಪತ್ರಿಕೆಗಳು ಆ ಮೂರಾಣೆಗೆ ಎಷ್ಟು ಜಾಗ ಕೊಡುತ್ತಿದ್ದವೋ ಏನೋ.

ಮರುದಿನ ನೆಹರೂ ಉತ್ತರ ಕೊಟ್ಟರು. ಲೋಹಿಯಾ ಅವರ ಲೆಕ್ಕ ತಪ್ಪು, ಯೋಜನಾ ಆಯೋಗದ ಅಂಕಿ ಅಂಶದ ಪ್ರಕಾರ ದಿನಕ್ಕೆ ಹದಿನೈದಾಣೆ ಅಂದರು.

ಮೂರು ಎಲ್ಲಿ, ಹದಿನೈದು ಎಲ್ಲಿ! ಐದು ಪಟ್ಟು ವ್ಯತ್ಯಾಸ. ಇಬ್ಬರೂ ಓದಿದವರು, ಇಬ್ಬರೂ ದೇಶ ಸುತ್ತಿದವರು. ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅಂತ ಕೇಳಿದವರಿಗೆ ಅನ್ನಿಸಿರಬೇಕು. ಆದರೆ ಹದಿನೈದಾಣೆ ಸುಳ್ಳಲ್ಲ. ಹದಿನೈದಾಣೆಯನ್ನು 365 ದಿನಕ್ಕೆ ಗುಣಿಸಿ. 5,475 ಆಣೆ. ಹದಿನಾರರಿಂದ ಭಾಗಿಸಿ. ವರ್ಷಕ್ಕೆ 342 ರೂಪಾಯಿ. ಆ ಕಾಲದ ತಲಾ ಆದಾಯ ಹತ್ತಿರ ಹತ್ತಿರ ಅಷ್ಟೇ ಇತ್ತು. ಅಂದರೆ ದೇಶದ ಆದಾಯವನ್ನು ಪೂರಾ ಒಟ್ಟು ಹಾಕಿ ತಲೆಗೆ ಇಷ್ಟು ಅಂತ ಹಂಚಿದರೆ ಹದಿನೈದಾಣೆ. ಅಂಕಿ ಸರಿಯೇ. ಆದರೆ ಕೇಳಿದ ಪ್ರಶ್ನೆಗೆ ಅದು ಉತ್ತರ ಅಲ್ಲ.

ಈಗ ಬೋರ್ಡಿನ ಮೇಲೆ ನೂರು ಜನರನ್ನು ಸಾಲಾಗಿ ನಿಲ್ಲಿಸುತ್ತೇನೆ. ಬಡವರು ಎಡಗಡೆ, ಉಳ್ಳವರು ಬಲಗಡೆ. ತಲೆಗೆ ಹದಿನೈದರಂತೆ ಒಟ್ಟು 1,500 ಆಣೆ. ಲೋಹಿಯಾ ಹೇಳಿದ್ದು ನಿಜ ಅಂತ ಇಟ್ಟುಕೊಳ್ಳಿ. ಎಡಗಡೆಯ ಅರವತ್ತು ಜನಕ್ಕೆ ಮೂರಾಣೆಯಂತೆ 180 ಆಣೆ ಹೋಯಿತು. ಉಳಿದದ್ದು 1,320. ಅದು ಬಲಗಡೆಯ ನಲವತ್ತು ಜನಕ್ಕೆ. ತಲೆಗೆ 33 ಆಣೆ, ಅಂದರೆ ಎರಡು ರೂಪಾಯಿ ಒಂದಾಣೆ. ಸರಾಸರಿ ಎಷ್ಟು? ಈಗಲೂ ಹದಿನೈದೇ! ಸಾಲಿನಲ್ಲಿರುವ ಒಬ್ಬನೂ ಹದಿನೈದಾಣೆ ಕಂಡಿಲ್ಲ, ಆದರೂ ಸರಾಸರಿ ಹದಿನೈದು. ಮೂರು ನಿಜವಾದರೂ ಹದಿನೈದು ನಿಜವೇ. ಇದು ಸರಾಸರಿಯ ಚಮತ್ಕಾರ. ನೆಹರೂ ಹೇಳಿದ್ದು ನೂರು ಜನದ ಲೆಕ್ಕ. ಲೋಹಿಯಾ ಕೇಳಿದ್ದು ಎಡಗಡೆಯ ಅರವತ್ತು ಜನದ ಲೆಕ್ಕ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ನಮ್ಮ ಸಾಗರಕ್ಕೆ ಹೋಗಿ ಬರೋಣ.

ದೆಹಲಿಯ ಈ ಜಗಳಕ್ಕೆ ಹನ್ನೆರಡು ವರ್ಷ ಮೊದಲು, 1951ರ ಏಪ್ರಿಲ್‌ನಲ್ಲಿ, ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಶುರುವಾಯಿತು. ಎಚ್. ಗಣಪತಿಯಪ್ಪ ಅದರ ಮುಂದಾಳು. ಶಾಂತವೇರಿ ಗೋಪಾಲಗೌಡರು ಅದಕ್ಕೆ ಹೆಗಲು ಕೊಟ್ಟರು. ಜೂನ್‌ನಲ್ಲಿ ಲೋಹಿಯಾ ಅಷ್ಟು ದೂರದಿಂದ ಬಂದು ಅದರಲ್ಲಿ ಭಾಗವಹಿಸಿದರು. ಪೊಲೀಸರು ಅವರನ್ನು ಸಾಗರದಲ್ಲಿ ಹಿಡಿದರು. ಇದೆಲ್ಲ ನಿಮಗೆ ಗೊತ್ತಿರುವುದೇ. ಜಗಳ ಯಾವುದರಿಂದ ಹತ್ತಿಕೊಂಡಿತು ನೆನಪಿದೆಯಾ? ಕೊಳಗದಿಂದ.

ಕೊಳಗ ಅಂದರೆ ಭತ್ತ ಅಳೆಯುವ ಅಳತೆ. ಗೇಣಿ ಇಷ್ಟು ಕೊಳಗ ಅಂತ ಮಾತಾಗಿರುತ್ತದೆ. ಒಕ್ಕಲು ಭತ್ತ ತಂದು ಒಡೆಯರ ಅಂಗಳದಲ್ಲಿ ಸುರಿಯುತ್ತಾನೆ. ಅಳೆಯುವುದು ಒಡೆಯರ ಮನೆಯ ಕೊಳಗದಲ್ಲಿ. ಆ ಕೊಳಗ ಇರಬೇಕಾದ್ದಕ್ಕಿಂತ ದೊಡ್ಡದು. ಲೆಕ್ಕದ ಪುಸ್ತಕದಲ್ಲಿ ಎಲ್ಲ ಸರಿಯಾಗಿರುತ್ತದೆ. ಹತ್ತು ಕೊಳಗ ಅಂದರೆ ಹತ್ತೇ ಕೊಳಗ. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಮೋಸ ಎಣಿಕೆಯಲ್ಲಿಲ್ಲ, ಕೊಳಗದ ಹೊಟ್ಟೆಯಲ್ಲಿದೆ.

ಲೋಹಿಯಾ ಸರಾಸರಿಯ ಪಾಠವನ್ನು ಕಾಗೋಡಿನಲ್ಲಿ ಕಲಿತರು ಅಂತ ನಾನು ಹೇಳುತ್ತಿಲ್ಲ. ಬರ್ಲಿನ್ನಿನ ಡಾಕ್ಟರಿಗೆ ಅದು ಮೊದಲೇ ಗೊತ್ತಿತ್ತು. ಆದರೆ 'ಎಷ್ಟು ಕೊಳಗ' ಅಂತ ಕೇಳುವ ಬದಲು 'ಯಾರ ಮನೆಯ ಕೊಳಗ' ಅಂತ ಕೇಳಿದ ಜನರ ಜೊತೆ ಅವರು ನಡೆದಿದ್ದರು. 1963ರಲ್ಲಿ ಲೋಕಸಭೆಯಲ್ಲಿ ಅವರು ಕೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಹದಿನೈದು ಅಂತೀರಿ ಸ್ವಾಮಿ, ಅಳೆದದ್ದು ಯಾವ ಕೊಳಗದಲ್ಲಿ?

ವಾಪಸ್ ದೆಹಲಿಗೆ. ಜಗಳ ಅಲ್ಲಿಗೇ ಮುಗಿಯಲಿಲ್ಲ. ಈ ಒಂದೇ ವಿಷಯಕ್ಕಾಗಿ ಸೆಪ್ಟೆಂಬರ್ 6ಕ್ಕೆ ಸದನದಲ್ಲಿ ಮತ್ತೆ ಚರ್ಚೆ ಇಟ್ಟರು. ಇದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ನಮ್ಮ ಕಡೆ ಯಾರಾದರೂ ಒಂದು ಅಂಕಿ ಹೇಳಿದರೆ ಇನ್ನೊಬ್ಬರು ಇನ್ನೊಂದು ಅಂಕಿ ಹೇಳುತ್ತಾರೆ. ಇಬ್ಬರೂ ಅದನ್ನೇ ಜೋರಾಗಿ ಹೇಳುತ್ತಾರೆ. ಸಂಜೆ ಟೀವಿಯಲ್ಲಿ ಇನ್ನೂ ಜೋರಾಗಿ ಹೇಳುತ್ತಾರೆ. ಮುಗಿಯಿತು. ಇಲ್ಲಿ ಹಾಗಾಗಲಿಲ್ಲ. ದೇಶದ ಸಂಸತ್ತು ಒಂದು ದಿನ ಕೂತು ನಮ್ಮ ಜನ ದಿನಕ್ಕೆ ಎಷ್ಟು ಆಣೆಯಲ್ಲಿ ಬದುಕುತ್ತಾರೆ ಅಂತ ಮಾತಾಡಿತು.

ಆ ದಿನ ಸರ್ಕಾರದ ಕಡೆಯಿಂದ ಮಂತ್ರಿ ಗುಲ್ಜಾರಿಲಾಲ್ ನಂದಾ ಮಾತಾಡಿದರು. ಕೆಳಗಿನ ಅರವತ್ತು ಜನದ ಲೆಕ್ಕ ತೆಗೆದರೆ ದಿನಕ್ಕೆ ಏಳೂವರೆ ಆಣೆ ಆಗುತ್ತದೆ ಅಂದರು. ಗಮನಿಸಿ. ಆಗಸ್ಟ್ 22ಕ್ಕೆ ಹದಿನೈದು. ಸೆಪ್ಟೆಂಬರ್ 6ಕ್ಕೆ ಏಳೂವರೆ. ಹದಿನೈದು ದಿನದಲ್ಲಿ ಹದಿನೈದಾಣೆ ಸರಿಯಾಗಿ ಅರ್ಧ ಆಯಿತು! ಯಾರ ಜೇಬಿನಿಂದಲೂ ಏನೂ ಹೋಗಿರಲಿಲ್ಲ. ಅಳತೆ ಬದಲಾಗಿತ್ತು, ಅಷ್ಟೇ.

347ಕ್ಕೆ 62ರಿಂದ ಸೋತ ಮನುಷ್ಯ ಇದನ್ನು ಮಾಡಿಸಿದ್ದು. ಮತಗಳಿಂದ ಏನೂ ಅಲುಗಾಡಿಸಲು ಆಗಲಿಲ್ಲ. ಆದರೆ ಸರ್ಕಾರ ತನ್ನ ಕೊಳಗವನ್ನು ಕೆಳಗಿಟ್ಟು ಬೇರೆ ಕೊಳಗದಲ್ಲಿ ಅಳೆಯಬೇಕಾಯಿತು.

ಹಾಗಾದರೆ ಗೆದ್ದವರು ಯಾರು? ಲೋಹಿಯಾ ಅಭಿಮಾನಿಗಳು ಇಲ್ಲಿ ಇದ್ದೀರಿ, ಬೇಜಾರು ಮಾಡಿಕೊಳ್ಳಬೇಡಿ. ಅರವತ್ತು ಜನರ ಸರಾಸರಿಯಾಗಿ ನೋಡಿದರೆ ನನ್ನ ಪ್ರಕಾರ ಮೂರಾಣೆ ತೀರಾ ಕಡಿಮೆ ಆಯಿತು. ಮನೆಯಲ್ಲೇ ಬೆಳೆದ ರಾಗಿ, ಸೊಪ್ಪು, ಹಿತ್ತಲ ಸೌದೆ ಎಲ್ಲಕ್ಕೂ ಬೆಲೆ ಕಟ್ಟಿದರೆ ನಂದಾ ಹೇಳಿದ ಅಂಕಿ ಹೆಚ್ಚು ಹತ್ತಿರ. ಆದರೆ ಆ ಏಳೂವರೆ ಆಣೆ ಖುಷಿಪಡುವಂಥದ್ದಾ? ಅದನ್ನೂ ನೋಡಬೇಕಲ್ಲ.

1962ರಲ್ಲೇ ಯೋಜನಾ ಆಯೋಗದ ಒಂದು ತಂಡ ಕೂತು ಒಂದು ಲೆಕ್ಕ ಹಾಕಿತ್ತು. ಒಬ್ಬ ಮನುಷ್ಯ ತೀರಾ ಕನಿಷ್ಠ ಮಟ್ಟದಲ್ಲಿ ಬದುಕಲು 1960-61ರ ಬೆಲೆಯಲ್ಲಿ ತಿಂಗಳಿಗೆ 20 ರೂಪಾಯಿ ಬೇಕು ಅಂತ. ಆಸ್ಪತ್ರೆ, ಶಾಲೆಯ ಖರ್ಚು ಇದರಲ್ಲಿಲ್ಲ. ಅವನ್ನು ಸರ್ಕಾರ ನೋಡಿಕೊಳ್ಳುತ್ತದೆ ಅನ್ನುವ ಭರವಸೆಯ ಮೇಲೆ ಹಾಕಿದ ಲೆಕ್ಕ ಅದು. 20 ರೂಪಾಯಿ ಅಂದರೆ 320 ಆಣೆ. ಮೂವತ್ತರಿಂದ ಭಾಗಿಸಿ. ದಿನಕ್ಕೆ ಹತ್ತೂವರೆ ಆಣೆಗಿಂತ ಚೂರು ಜಾಸ್ತಿ. ಅಂದರೆ ಸರ್ಕಾರ ಒಪ್ಪಿಕೊಂಡ ಏಳೂವರೆ ಆಣೆ, ಸರ್ಕಾರದ ಮನೆಯಲ್ಲೇ ಹಾಕಿದ ಕನಿಷ್ಠದ ಗೆರೆಗಿಂತ ಮೂರಾಣೆ ಕೆಳಗಿತ್ತು. ಲೋಹಿಯಾ ಅವರ ಮೂರಾಣೆ ಹೀಗೆ ಹಿತ್ತಿಲ ಬಾಗಿಲಿನಿಂದ ಮತ್ತೆ ಒಳಗೆ ಬಂತು ಅಂತ ನಾನು ತಮಾಷೆ ಮಾಡುವುದುಂಟು.

ನೆಹರೂಗೆ ಇದು ಗೊತ್ತಿರಲಿಲ್ಲ ಅನ್ನುವುದೂ ತಪ್ಪು. 1960ರಲ್ಲೇ ಅವರು ಲೋಕಸಭೆಯಲ್ಲಿ ಈ ಪ್ರಶ್ನೆ ಎತ್ತಿದ್ದರು. ಯೋಜನೆಗಳಿಂದ ಆದಾಯ ಹೆಚ್ಚಿದೆ ಅಂತೀವಿ, ಹೆಚ್ಚಾದದ್ದು ಯಾರ ಮನೆಗೆ ಹೋಯಿತು ಅಂತ. ಅದನ್ನು ನೋಡಲು ಆ ವರ್ಷವೇ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಅವರ ನೇತೃತ್ವದಲ್ಲಿ ಸಮಿತಿ ಆಯಿತು. ವರದಿ ಬಂದದ್ದು 1964ರಲ್ಲಿ. ಈ ಜಗಳ ನಡೆಯುವಾಗ ಸಮಿತಿ ಇನ್ನೂ ಲೆಕ್ಕ ಹಾಕುತ್ತಲೇ ಇತ್ತು. ಸಮಿತಿಗಳ ವೇಗ ಅಷ್ಟೇ.

ಆಮೇಲೆ ಏನಾಯಿತು? ದೊಡ್ಡ ಮಂತ್ರಿಗಳು ಹುದ್ದೆ ಬಿಟ್ಟು ಪಕ್ಷದ ಕೆಲಸಕ್ಕೆ ಹೋಗಬೇಕು ಅನ್ನುವ ಕಾಮರಾಜ್ ಯೋಜನೆಯಲ್ಲಿ ಆಗಸ್ಟ್ ಕೊನೆಗೆ ಮೊರಾರ್ಜಿ ಹೊರಗೆ ಹೋದರು. ಟಿ.ಟಿ. ಕೃಷ್ಣಮಾಚಾರಿ ಹಣಕಾಸು ಮಂತ್ರಿಯಾಗಿ ಬಂದರು. ಕಡ್ಡಾಯ ಠೇವಣಿಯ ಬಿಗಿ ಸಡಿಲ ಆಯಿತು. ಇದಕ್ಕೂ ಮೂರಾಣೆಗೂ ನೇರ ಗಂಟು ಹಾಕಲು ನಾನು ಹೋಗುವುದಿಲ್ಲ. ಮುಂದಿನ ವರ್ಷ ಮೇ ತಿಂಗಳಲ್ಲಿ ನೆಹರೂ ತೀರಿಕೊಂಡರು. 1965-66, 66-67 ಸತತ ಎರಡು ವರ್ಷ ಬರ. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯ. ಡಾಲರಿಗೆ 4 ರೂಪಾಯಿ 76 ಪೈಸೆ ಇದ್ದದ್ದು ಒಂದೇ ಸಲಕ್ಕೆ ಏಳೂವರೆ ರೂಪಾಯಿ ಆಯಿತು. ಮೂರನೇ ಯೋಜನೆ ಮುಗಿದ ಮೇಲೆ ನಾಲ್ಕನೆಯದನ್ನು ಶುರು ಮಾಡಲು ಧೈರ್ಯ ಬರದೆ ಮೂರು ವರ್ಷ ಒಂದೊಂದೇ ವರ್ಷದ ಯೋಜನೆ ಮಾಡಿಕೊಂಡು ತಳ್ಳಿದರು. ಆ ದಿನಗಳಲ್ಲೂ ಲೋಹಿಯಾ ಬಿಡದೆ ಹಿಡಿದದ್ದು ಬೆಲೆಯ ಪ್ರಶ್ನೆಯನ್ನು. ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಯ ನಡುವೆ ಧಾನ್ಯದ ಬೆಲೆ ಸೇರಿಗೆ ಒಂದಾಣೆಗಿಂತ ಹೆಚ್ಚು ಏರಬಾರದು. ಕಾರ್ಖಾನೆಯ ಸಾಮಾನು ತಯಾರಿಕೆಯ ಖರ್ಚಿನ ಒಂದೂವರೆ ಪಟ್ಟು ಮೀರಬಾರದು. ಇದು ನಡೆಯುವ ಮಾತಾ ಅಂತ ಕೇಳಿದರೆ, ಪೂರ್ತಿಯಾಗಿ ನಡೆಯುವುದಲ್ಲ ಅಂತಲೇ ನನ್ನ ಅನಿಸಿಕೆ. ಇಷ್ಟು ಕಾರ್ಖಾನೆಗಳ ಖರ್ಚಿನ ಲೆಕ್ಕವನ್ನು ನೋಡುತ್ತಾ ಕೂರುವವರು ಯಾರು? ಆದರೆ ಸುಗ್ಗಿಯಲ್ಲಿ ಅಗ್ಗಕ್ಕೆ ಮಾರಿ, ಮಳೆಗಾಲದಲ್ಲಿ ಅದೇ ಕಾಳನ್ನು ದುಬಾರಿಗೆ ಕೊಳ್ಳುವ ರೈತನನ್ನು ಕಂಡವರಿಗೆ ಆ ಒಂದಾಣೆ ಯಾಕೆ ಅಂತ ಗೊತ್ತಾಗುತ್ತದೆ.

ಲೋಹಿಯಾ 1967ರ ಅಕ್ಟೋಬರ್ 12ಕ್ಕೆ ತೀರಿಕೊಂಡರು. ಲೋಕಸಭೆಯಲ್ಲಿ ಅವರು ಇದ್ದದ್ದು ನಾಲ್ಕು ವರ್ಷ ಚಿಲ್ಲರೆ ಅಷ್ಟೇ. ಅದೇ ವರ್ಷ ಶಿವಮೊಗ್ಗದಿಂದ ಸಮಾಜವಾದಿಯಾಗಿ ಗೆದ್ದು ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದರು. ಲೋಹಿಯಾ ಆಣೆಯಲ್ಲಿ ಮಾತಾಡಿದ್ದಕ್ಕೂ ಪಟೇಲರು ಕನ್ನಡದಲ್ಲಿ ಮಾತಾಡಿದ್ದಕ್ಕೂ ಒಂದು ನಂಟಿದೆ ಅಂತ ನನಗೆ ಅನ್ನಿಸುತ್ತದೆ. ಆದರೆ ಅದು ಇನ್ನೊಂದು ಭಾನುವಾರದ ಮಾತು.

1971ರಲ್ಲಿ ಪುಣೆಯ ದಾಂಡೇಕರ್ ಮತ್ತು ನೀಲಕಂಠ ರಥ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1960-61ರ ಅಂಕಿ ಹಿಡಿದು ಹೊಸದಾಗಿ ಲೆಕ್ಕ ಹಾಕಿದರು. ಹಳ್ಳಿಯಲ್ಲಿ ನೂರಕ್ಕೆ 40, ಪಟ್ಟಣದಲ್ಲಿ ನೂರಕ್ಕೆ 50 ಜನಕ್ಕೆ ಹೊಟ್ಟೆತುಂಬ ಊಟಕ್ಕಾಗುವಷ್ಟೂ ಇಲ್ಲ ಅಂದರು. ಅಲ್ಲಿಂದ ಬಡತನದ ಗೆರೆ ಅನ್ನುವುದು ಪೇಪರಿನಲ್ಲಿ, ಬಜೆಟ್ಟಿನಲ್ಲಿ ಮಾಮೂಲಿ ಮಾತಾಯಿತು. ಗೆರೆ ಎಲ್ಲಿ ಎಳೆಯಬೇಕು ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ. ಎಷ್ಟು ಆದಾಯ ಅನ್ನುವುದರ ಜೊತೆಗೆ ಯಾರ ಆದಾಯ ಅಂತಲೂ ಕೇಳಬೇಕು ಅನ್ನುವುದನ್ನು ಮೊದಲು ಸದನದ ನಡುವೆ ತಂದು ಎಲ್ಲರಿಗೂ ಅರ್ಥ ಆಗುವ ಹಾಗೆ ಇಟ್ಟದ್ದು ಆ ಮೂರಾಣೆ.

ಲೋಕಸಭೆಯ ಹಳೆಯ ನಡಾವಳಿಗಳು ಈಗ ಅಂತರ್ಜಾಲದಲ್ಲೇ ಸಿಗುತ್ತವೆ. ಪುರುಸೊತ್ತು ಇದ್ದರೆ ಆ ಆಗಸ್ಟ್ ತಿಂಗಳದ್ದು ತೆಗೆದು ಓದಿ. ನನ್ನ ಮಾತು ಇಷ್ಟು.

(ಆಮೇಲೆ ಪ್ರಶ್ನೆಗಳು ಬಂದವು. ಬಹುಪಾಲು ನೆಹರೂ ಕುರಿತು, ಅವನ್ನು ಬಿಟ್ಟಿದ್ದೇನೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕೇಳಿದ್ದನ್ನು ಮಾತ್ರ ಬರೆಯುತ್ತೇನೆ. ಆ ಹೊತ್ತಿಗೆ ಎರಡು ನಾಣ್ಯಗಳೂ ಅವರ ಕೈಯಲ್ಲಿದ್ದವು.)

"ಸ್ವಾಮಿ, ದಿನಕ್ಕೆ ಇಷ್ಟಾಣೆ ಅಂತ ಎಲ್ಲಾ ಲೆಕ್ಕ ಹೇಳಿದ್ರಿ. ಕೂಲಿ ಇಲ್ಲದ ದಿನ ಹಿಡಿದರಾ, ಬಿಟ್ಟರಾ?"

ಒಳ್ಳೆಯ ಪ್ರಶ್ನೆ. ನಾನು ಮಾತಿನಲ್ಲಿ ಅದನ್ನು ಬಿಟ್ಟೇಬಿಟ್ಟಿದ್ದೆ. ಮತ್ತೆ ಬೋರ್ಡಿನ ಹತ್ತಿರ ಹೋದೆ.

1956-57ರಲ್ಲಿ ಸರ್ಕಾರವೇ ಕೃಷಿ ಕೂಲಿಗಾರರ ಎರಡನೇ ವಿಚಾರಣೆ ನಡೆಸಿತ್ತು. ಅದರ ಪ್ರಕಾರ ಗಂಡಾಳಿನ ದಿನಗೂಲಿ ಸರಾಸರಿ 96 ನಯಾ ಪೈಸೆ. ಆಣೆ ಲೆಕ್ಕದಲ್ಲಿ ಹದಿನೈದು ಆಣೆ, ಸ್ವಲ್ಪ ಮೇಲೆ. ನೋಡಿ, ಮತ್ತೆ ಹದಿನೈದು! ಆದರೆ ಕೂಲಿ ಸಿಕ್ಕಿದ್ದು ವರ್ಷಕ್ಕೆ 197 ದಿನ. 40 ದಿನ ಸ್ವಂತದ್ದು ಏನೋ ಸಣ್ಣಪುಟ್ಟ ಕೆಲಸ. ಉಳಿದ 128 ದಿನ ಕೆಲಸವೇ ಇಲ್ಲ. ಹೊಟ್ಟೆಗೆ ಮಾತ್ರ 365 ದಿನವೂ ಬೇಕು. 197 ದಿನದ ಕೂಲಿಯನ್ನು ವರ್ಷಕ್ಕೆ ಹರಡಿದರೆ ಹದಿನೈದಾಣೆ ಎಂಟಾಣೆಗೆ ಇಳಿಯಿತು. ಮನೆಯಲ್ಲಿ ಸರಾಸರಿ ನಾಲ್ಕೂವರೆ ಜನ. ಭಾಗಿಸಿದರೆ ತಲೆಗೆ ಎರಡಾಣೆಯೂ ಪೂರ್ತಿ ಬರುವುದಿಲ್ಲ.

"ಹೆಂಗಸ್ರು ದುಡಿದದ್ದು?" ಅಂದರು ಅವರು.

ಹೆಣ್ಣಾಳಿನ ಕೂಲಿ 59 ಪೈಸೆ. ಅದೂ, ಮನೆಯ ಉಳಿದ ಸಂಪಾದನೆಯೂ ಎಲ್ಲ ಸೇರಿ ತಲೆಗೆ ವರ್ಷಕ್ಕೆ ಸುಮಾರು 99 ರೂಪಾಯಿ ಅಂತ ವಿಚಾರಣೆ ಹೇಳಿತ್ತು. ದಿನಕ್ಕೆ ನಾಲ್ಕೂಕಾಲು ಆಣೆ, ಸ್ವಲ್ಪ ಮೇಲೆ. ಅದಕ್ಕೆ ಆರು ವರ್ಷ ಹಿಂದಿನ ವಿಚಾರಣೆಯಲ್ಲಿ ಅದು 104 ರೂಪಾಯಿ ಇತ್ತು.

"ಇಳಿದಿತ್ತಾ?"

"ಇಳಿದಿತ್ತು."

ಅವರು ಸ್ವಲ್ಪ ಹೊತ್ತು ಬೋರ್ಡನ್ನೇ ನೋಡಿದರು. "ಹಾಗಾದ್ರೆ ಲೋಹಿಯಾ ಹೇಳಿದ್ದು ತೀರಾ ಸುಳ್ಳೇನಲ್ಲ."

"ಅರವತ್ತು ಜನಕ್ಕೆ ಹೇಳಿದರೆ ಉತ್ಪ್ರೇಕ್ಷೆ ಆಯ್ತು" ಅಂದೆ. "ಈ ಕೂಲಿಯವರಿಗೆ ಹೇಳಿದರೆ ಒಂದು ಆಣೆ ಚಿಲ್ಲರೆ ವ್ಯತ್ಯಾಸ."

ಅವರು ಅಲೆ ಅಂಚಿನ ನಾಣ್ಯವನ್ನು ಎತ್ತಿ ಒಮ್ಮೆ ನೋಡಿ, ಎರಡನ್ನೂ ಪಕ್ಕದವರ ಕೈಗೆ ದಾಟಿಸಿದರು.